ಚಿಲ್ಲರೆ

ಶಿವಮೊಗ್ಗ–ಆಗುಂಬೆ, ಬೆಳಗಿನ ಆರೂ ಮುಕ್ಕಾಲರ ಗಾಡಿ.
ಡ್ರೈವರ್ ಹೂವಪ್ಪ, ಕಂಡಕ್ಟರ್ ನಾನು.
ಇಂಜಿನ್ ಪೆಟ್ಟಿಗೆ ಪಕ್ಕದ ಒಂಟಿ ಸೀಟು
ಮಂಡಗದ್ದೆ ಹೈಸ್ಕೂಲಿಗೆ ಲೆಕ್ಕ ಕಲಿಸಲು ಹೋಗುವ
ಫಿಲೋಮಿನಾ ಮಿಸ್ಸಿನದು.
ದಿನಾ ಅವರಿಗೆ ಒಂದು ರೂಪಾಯಿ ಬಾಕಿ.
ಟಿಕೆಟ್ಟಿನ ಬೆನ್ನಿಗೆ ‘೧’ ಗೀಚಿ ಕೊಡುತ್ತೇನೆ,
ಇಳಿಯುವಾಗ ಅವರು ಕೇಳುವುದಿಲ್ಲ,
ನಾನಾಗಿ ನೆನಪಿಸುವುದಿಲ್ಲ. ಕಸುಬೇ ಹಾಗೆ.

ಅವರ ಕಣ್ಣು ರಸ್ತೆಯ ಮೇಲಲ್ಲ,
ಸಕ್ರೆಬೈಲಿನ ಆನೆಗಳ ಮೇಲೂ ಅಲ್ಲ,
ಮೀಟರಿನ ಕಿಂಡಿಯ ಮೇಲೆ.
ಶುಕ್ರವಾರ ಅಂದರು: ‘ಹೂವಪ್ಪ, ಸೋಮವಾರ ಸಕ್ರೆಬೈಲು ದಾಟಿದ ಮೇಲೆ
ಐದು ಲಕ್ಷದ ಹತ್ತು ಸಾವಿರದ ಐನೂರ ಹತ್ತು ಬರುತ್ತೆ.
ಒಂದು ನಿಮಿಷ ನಿಲ್ಲಿಸ್ತೀಯಾ?’
‘ಮೂರು ಸೊನ್ನೆ ಬಂದ್ರೆ ಆಯಿಲ್ ನೋಡ್ತೀನಿ,
ಬೇರೆ ಯಾವ ನಂಬರಿಗೂ ಬ್ರೇಕ್ ಒತ್ತಿದವನಲ್ಲ’ ಅಂದ ಹೂವಪ್ಪ.

ಸೋಮವಾರ ಒತ್ತಿದ.
ಕಿಂಡಿಯಲ್ಲಿ ೫೧೦, ಮತ್ತೆ ೫೧೦,
ಒಂದೇ ನೊಗದ ಜೋಡಿಯಂತೆ.
‘ಪಂಚರ್ರಾ?’ ಅಂದಳು ಮೀನಿನ ಬುಟ್ಟಿಯ ಜೈನಾಬಿ.
ಮಿಸ್ಸು ಎದ್ದು ಕಂಬಿ ಹಿಡಿದರು:
‘ಇದನ್ನ ಇಬ್ಬರಿಗೆ ಹಂಚಿ, ಮೂವರಿಗೆ ಹಂಚಿ,
ಐದು, ಏಳು, ಹನ್ನೊಂದು, ಹದಿಮೂರು,
ಹದಿನೇಳು ಜನಕ್ಕೆ ಹಂಚಿ, ಚಿಲ್ಲರೆ ಉಳಿಯಲ್ಲ.
ಯಾವ ಮೂರಂಕಿಯನ್ನಾದರೂ ಎರಡು ಸಲ ಬರೀರಿ,
ಏಳು, ಹನ್ನೊಂದು, ಹದಿಮೂರು ಟಿಕೆಟ್ ಇಲ್ಲದೆ ಹತ್ತಿಬಿಡ್ತವೆ.
ಉಳಿದ ನಾಲ್ಕನ್ನ ಐನೂರ ಹತ್ತು ಮನೆಯಿಂದಲೇ ಕರ್ಕೊಂಡು ಬಂದಿದೆ.
ಅವಿಭಾಜ್ಯಗಳಲ್ಲಿ ಮೊದಲ ಏಳೂ ಒಂದೇ ಗಾಡೀಲಿ.
ಇದಕ್ಕಿಂತ ಸಣ್ಣ ಗಾಡೀಲಿ ಹಿಡಿಯಲ್ಲ.’

ಚಿಲ್ಲರೆ ಉಳಿಯದ ಸಂಖ್ಯೆ!
ಹನ್ನೆರಡು ವರ್ಷ ಚರ್ಮದ ಚೀಲ ಹೊತ್ತವನಿಗೆ
ಯಾವ ದೇವರೂ ಕನಸಲ್ಲಿ ಬಂದು ಇಂಥದ್ದು ಹೇಳಿರಲಿಲ್ಲ.

ಗಾಡಿ ಹೊರಟಿತು.
ಕೊನೆಯ ಸೊನ್ನೆ ಮೆಲ್ಲಗೆ ಹೊರಳಿ ಒಂದಾಯಿತು.
‘ಈಗ ಹಂಚು’ ಅಂದರು, ನನಗೆ ಮಾತ್ರ ಕೇಳುವಂತೆ.
ಇಬ್ಬರಿಗೆ ಹಂಚಿದೆ, ಒಂದು ಉಳಿಯಿತು.
ಮೂವರಿಗೆ, ಒಂದು. ಐವರಿಗೆ, ಒಂದು.
ಹದಿನೇಳು ಜನಕ್ಕೂ ಅದೇ ಒಂದು,
ಚೀಲದ ಹೊಲಿಗೆಗೆ ಸಿಕ್ಕಿಕೊಂಡ ನಾಣ್ಯ.
‘ಹಾಗಾದ್ರೆ ಇದನ್ನ ಯಾರೂ ಒಡೆಯಕ್ಕಾಗಲ್ವಾ ಮಿಸ್ಸೇ?’
ಮಂಡಗದ್ದೆ ಬಂತು. ‘ನೀನೇ ಹೇಳು’ ಅಂತ ಇಳಿದರು.

ಆಗುಂಬೆಯಲ್ಲಿ ಹಾಲ್ಟು. ಹೂವಪ್ಪನ ಗೊರಕೆ.
ಹಿಂದಿನ ಸೀಟಲ್ಲಿ ಟಾರ್ಚು ಬಾಯಲ್ಲಿ ಕಚ್ಚಿ ಕೂತೆ.
ನಾನು ಶಾಲೆ ಬಿಟ್ಟದ್ದು ಹತ್ತೊಂಬತ್ತರ ಮಗ್ಗಿಗೆ,
ಬೆತ್ತಕ್ಕೆ ಹೆದರಿ ಕಿಟಕಿ ಹಾರಿ.
ಬಿಟ್ಟಲ್ಲಿಂದಲೇ ಶುರು ಮಾಡಿದೆ.
ಕಳೆದು, ಇಳಿಸಿ, ಮತ್ತೆ ಕಳೆದು
ಕೊನೆಗೆ ಉಳಿದದ್ದು ನೂರ ಎಪ್ಪತ್ತೊಂದು.
ಹತ್ತೊಂಬತ್ತೊಂಬತ್ಲ ನೂರ ಎಪ್ಪತ್ತೊಂದು!
ಸೊನ್ನೆ.
ಟಾರ್ಚು ಬಾಯಿಂದ ಬಿತ್ತು.

ಮಿಕ್ಕ ಇಪ್ಪತ್ತಾರು ಸಾವಿರದ ಚಿಲ್ಲರೆಗೆ ಇನ್ನೂ ಆರು ರಾತ್ರಿ:
ತೊಂಬತ್ತೇಳು, ಇನ್ನೂರ ಎಪ್ಪತ್ತೇಳು,
ಹೆಸರೇ ಕೇಳಿರದ ಊರಿನವರು.
ಆ ನಡುವೆ ನಾನಾಗಿ ಕಂಡದ್ದೊಂದು:
ಜಗಳಾಡುತ್ತ ಹತ್ತಿದ ಗಂಡ ಹೆಂಡಿರಿಗೆ
ಬೆನ್ನಿಗೆ ಬೆನ್ನು ಹರಿದ ಟಿಕೆಟ್ಟು
ಏಳುನೂರ ಹದಿನಾಲ್ಕು, ಏಳುನೂರ ಹದಿನೈದು.
ಗುಣಿಸಿದರೆ ಅದೇ ೫೧೦೫೧೦.
ಅವರಿಗೆ ಹೇಳೋಣ ಅಂದುಕೊಂಡೆ. ಮೇಗರವಳ್ಳಿಯಲ್ಲಿ
ಹಿಂದಿನ ಬಾಗಿಲಿಂದ ಒಬ್ಬ, ಮುಂದಿನಿಂದ ಒಬ್ಬಳು ಇಳಿದರು.

‘ಹತ್ತೊಂಬತ್ತು ಮಿಸ್ಸೇ.’
‘ಗಾಡೀಲಿದ್ದ ಏಳರಲ್ಲಿ ಯಾರೂ ಅಲ್ಲ?’
‘ಅಲ್ಲ.’
‘ಇನ್ನೂ ದೊಡ್ಡ ಗಾಡಿ ತಗೋ. ಸಾವಿರ ಅವಿಭಾಜ್ಯ ಹತ್ತಿಸು,
ಗುಣಿಸು, ಒಂದು ಕೂಡಿಸು. ಆಗ?’
ಇದಕ್ಕೆ ಟಿಕೆಟ್ಟಿನ ಬೆನ್ನು ಬೇಕಿರಲಿಲ್ಲ.
‘ಗಾಡಿ ಎಷ್ಟು ತುಂಬಿದ್ರೂ
ಮುಂದಿನ ಸ್ಟಾಪಲ್ಲಿ ಒಬ್ಬ ನಿಂತೇ ಇರ್ತಾನೆ ಮಿಸ್ಸೇ.’
ಅವರು ನಕ್ಕರು. ಅಷ್ಟು ದಿನಕ್ಕೆ ಮೊದಲ ಸಲ
ಕೈಚಾಚಿ ಒಂದು ರೂಪಾಯಿ ಇಸ್ಕೊಂಡರು.

ನಿನ್ನೆ ಕೊನೆಯ ಟ್ರಿಪ್ಪು. ಫುಟ್‌ಬೋರ್ಡಿಗೂ ಜನ.
ಕತ್ತಲಲ್ಲಿ ಯಾರೋ ಮೊಬೈಲಿನ ಬೆಳಕು ಬೀಸಿದರು.
‘ಜಾಗವೆಲ್ಲಿದೆ ಮಾರಾಯ?’ ಹೂವಪ್ಪ ಗೇರು ಬದಲಿಸಿದ.
‘ಹೋಲ್ಡಾನ್!’ ಅಂದೆ.